ಹಲ್ಲಿನ ಸಂದಿಗೆ ರಬ್ಬರ್ ಹಾಕುವ ಮೊದಲು ಒಂದು ಮೂಲಂಗಿ ತನ್ನಿ

ಮನೆಯಲ್ಲಿ ಮೂಲಂಗಿ ಇದೆಯಾ? ಕ್ಯಾರೆಟ್ ಆದರೂ ಸರಿ. ಅದಕ್ಕೆ ಒಂಚೂರು ಎಣ್ಣೆ ಸವರಿ. ಮಕ್ಕಳ ಜಡೆಗೆ ಹಾಕುವ ಪುಟಾಣಿ ರಬ್ಬರ್ ಬ್ಯಾಂಡನ್ನು ದಪ್ಪ ಭಾಗದ ಸ್ವಲ್ಪ ಕೆಳಗೆ ಬಿಗಿಯಾಗಿ ಸುತ್ತಿ. ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ರಬ್ಬರ್ ಸಣ್ಣ ತುದಿಯ ಕಡೆಗೇ ಜಾರುತ್ತದೆ. ದಪ್ಪ ಕಡೆಗೆ ತಾನಾಗಿ ಬರುವುದೇ ಇಲ್ಲ.

ನಿಮ್ಮ ಮುಂದಿನ ಹಲ್ಲಿನ ಆಕಾರವೂ ಹೆಚ್ಚುಕಮ್ಮಿ ಇದೇ. ಕನ್ನಡಿಯಲ್ಲಿ ಕಾಣುವುದು ದಪ್ಪ ಭಾಗ. ಬೇರು ಒಸಡಿನ ಒಳಗೆ, ಮೂಳೆಯಲ್ಲಿ ಕೂತಿದೆ. ಒಳಗೆ ಹೋದಷ್ಟೂ ಸಣ್ಣಗಾಗುತ್ತದೆ. ‘ಎರಡು ಹಲ್ಲಿಗೆ ರಬ್ಬರ್ ಹಾಕಿ, ಸಂದು ಮುಚ್ಚುತ್ತದೆ’ ಎನ್ನುವ ವಿಡಿಯೊಗಳಲ್ಲಿ ಈ ಒಂದು ವಿಷಯ ಹೇಳುವುದಿಲ್ಲ. ಸಂದು ಮುಚ್ಚುತ್ತದೆ, ನಿಜ. ಬೇಗನೇ ಮುಚ್ಚುತ್ತದೆ. ಆಮೇಲೆ ರಬ್ಬರ್ ಒಸಡಿನೊಳಗೆ ನುಸುಳಿ ಬೇರಿನ ತುದಿಯತ್ತ ಹತ್ತುತ್ತಾ ಹೋಗುತ್ತದೆ. ದಾರಿಯಲ್ಲಿ ಹಲ್ಲನ್ನು ಹಿಡಿದಿಟ್ಟ ನಾರು, ಮೂಳೆ ಎರಡನ್ನೂ ಹಾಳು ಮಾಡುತ್ತದೆ. ಹುಳುಕಿಲ್ಲದ ಗಟ್ಟಿ ಹಲ್ಲುಗಳು ಹೀಗೆ ಉದುರಿಹೋದದ್ದನ್ನು ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ.

ನಮ್ಮ ಅಕ್ಕನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಇದನ್ನೇ ಮಾಡಿದಳು. ರಾತ್ರಿ ಹಾಕಿಕೊಂಡು ಮಲಗಿದಳು, ಬೆಳಿಗ್ಗೆ ರಬ್ಬರ್ ಇರಲಿಲ್ಲ. ನಿದ್ದೆಯಲ್ಲಿ ನುಂಗಿರಬೇಕು ಅಂದುಕೊಂಡು ಸುಮ್ಮನಾದಳು. ಕೆಲವು ವಾರಗಳಲ್ಲಿ ಒಸಡು ಊದಿಕೊಂಡಿತು. ಒಂದು ಹಲ್ಲು ಪಕ್ಕದ್ದಕ್ಕಿಂತ ಉದ್ದವಾದಂತೆ ಕಾಣತೊಡಗಿತು. ಎಕ್ಸ್‌ರೇ ತೆಗೆಸಿದರೆ ಮೂಳೆ ಸವೆದದ್ದು ಕಾಣಿಸಿತು, ಕಾರಣ ಕಾಣಿಸಲಿಲ್ಲ. ರಬ್ಬರ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಬೈಗುಳಕ್ಕೆ ಹೆದರಿ ಅವಳು ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಅಳುತ್ತಾ ಹೇಳಿದ ಮೇಲೆ, ಡಾಕ್ಟರು ಒಸಡು ಬಿಡಿಸಿ ರಬ್ಬರ್ ತೆಗೆದರು. ಮಕ್ಕಳು ಇಂಥದ್ದು ಮಾಡಿಕೊಂಡರೆ ದಯವಿಟ್ಟು ಬೈಯಬೇಡಿ. ಅವರು ಹೇಳುವ ಒಂದು ಮಾತಿನಿಂದ ಹಲ್ಲು ಉಳಿಯಬಹುದು.

ಹಂತ 1: ಈಗಾಗಲೇ ಹಾಕಿದ್ದರೆ

ರಬ್ಬರ್ ಕಣ್ಣಿಗೆ ಕಾಣುತ್ತಿದ್ದು ಕೈಗೆ ಸುಲಭವಾಗಿ ಸಿಕ್ಕರೆ ಈಗಲೇ ತೆಗೆಯಿರಿ. ಹಾಕಿದ್ದೆಷ್ಟು, ಸಿಕ್ಕಿದ್ದೆಷ್ಟು ಎಣಿಸಿ. ಒಂದು ಕಡಿಮೆ ಬಿದ್ದರೂ ‘ನುಂಗಿರಬೇಕು’ ಅಂದುಕೊಳ್ಳಬೇಡಿ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಅವತ್ತೇ ದಂತ ವೈದ್ಯರ ಹತ್ತಿರ ಹೋಗಿ, ‘ರಬ್ಬರ್ ಹಾಕಿದ್ದೆ, ಸಿಗುತ್ತಿಲ್ಲ’ ಎಂದು ಮೊದಲೇ ಹೇಳಿ.

ಉಗುರು ಉಜ್ಜುವ ಅರದಿಂದ ಹಲ್ಲು ತಿಕ್ಕುತ್ತಿದ್ದರೆ ಅದನ್ನೂ ಇಲ್ಲಿಗೇ ನಿಲ್ಲಿಸಿ. ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಹಂತ 2: ಸಂದು ಯಾಕಿದೆ ಅಂತ ತಿಳಿದುಕೊಳ್ಳಿ

ಏಳೆಂಟು ವರ್ಷದ ಮಗುವಿನ ಮೇಲಿನ ಎರಡು ಹಲ್ಲುಗಳ ನಡುವೆ ಸಂದು ಇರುವುದು ಸಹಜ. 11–12ನೇ ವಯಸ್ಸಿಗೆ ಕೋರೆಹಲ್ಲು ಇಳಿಯುವಾಗ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮೇಲ್ತುಟಿಯನ್ನು ಒಸಡಿಗೆ ಸೇರಿಸುವ ಪಟ್ಟಿ ದಪ್ಪಗಿರುತ್ತದೆ. ಇನ್ನು ಕೆಲವರಲ್ಲಿ ಮೂಳೆಯೊಳಗೆ ಒಂದು ಹೆಚ್ಚುವರಿ ಹಲ್ಲು ಅಡಗಿರುತ್ತದೆ. ಬೆರಳು ಚೀಪುವ, ನಾಲಿಗೆಯಿಂದ ಹಲ್ಲು ತಳ್ಳುವ ಅಭ್ಯಾಸದಿಂದಲೂ ಸಂದು ಬೀಳುತ್ತದೆ.

ನಲವತ್ತು ದಾಟಿದವರಲ್ಲಿ ಮೊದಲಿಲ್ಲದ ಸಂದು ಈಗ ಹೊಸದಾಗಿ ಬಿದ್ದಿದ್ದರೆ ಮೊದಲು ಒಸಡಿನ ರೋಗವಿದೆಯಾ ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರಂತೂ ತಡ ಮಾಡಲೇಬಾರದು. ಅಲುಗಾಡಲು ಶುರುವಾದ ಹಲ್ಲನ್ನು ಮನೆಯಲ್ಲೇ ಎಳೆದು ಕಟ್ಟಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಯಾವ ತೊಂದರೆಯೂ ಇಲ್ಲದ ಸಂದನ್ನು ಹಾಗೇ ಬಿಡಬಹುದು. ನನಗಂತೂ ಅಂಥ ನಗು ಇಷ್ಟ.

ಹಂತ 3: ಹಲ್ಲು ಹೇಗೆ ಸರಿಯುತ್ತದೆ, ಗೊತ್ತಿರಲಿ

ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್‌ನ ನಾರಿನ ಪದರ ಇದೆ. ಹಲ್ಲನ್ನು ಹದವಾಗಿ ಒತ್ತಿದಾಗ, ಹಲ್ಲು ಸರಿಯುವ ಕಡೆ ಮೂಳೆ ಕರಗುತ್ತದೆ, ಹಿಂದಿನ ಕಡೆ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ಹೀಗೆ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಒತ್ತಡ ಜಾಸ್ತಿಯಾದರೆ ಆ ಪದರಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಬೇರೂ ಕರಗಿ ಗಿಡ್ಡವಾಗಬಹುದು. ಕ್ಲಿಪ್ ಹಾಕಿದವರನ್ನು ಡಾಕ್ಟರು ತಿಂಗಳು ತಿಂಗಳು ಕರೆಯುವುದು ಈ ಹದ ನೋಡಲಿಕ್ಕೆ.

ಹಂತ 4: ಸರಿಯಾದವರ ಹತ್ತಿರ ಹೋಗಿ

ಹಲ್ಲು ನೇರ ಮಾಡುವುದರಲ್ಲೇ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಿದವರನ್ನು ಆರ್ಥೋಡಾಂಟಿಸ್ಟ್ ಎನ್ನುತ್ತಾರೆ. ದಂತ ವೈದ್ಯರ ಮೊದಲ ಪದವಿ ಬಿಡಿಎಸ್ ಆದ ಮೇಲೆ ಮೂರು ವರ್ಷದ ಓದು ಅದು. ರಾಜ್ಯ ದಂತ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಬಾಯಿ ತೆರೆಸಿ ನೋಡಿ, ಎಕ್ಸ್‌ರೇ ತೆಗೆಸಿ, ಅಚ್ಚು ತೆಗೆದುಕೊಂಡು ಆಮೇಲೆ ಮಾತಾಡುವವರನ್ನು ನಂಬಿ.

ದುಡ್ಡಿನ ಚಿಂತೆಯಿಂದಲೇ ಬಹಳ ಜನ ರಬ್ಬರ್‌ಗೆ ಕೈ ಹಾಕುತ್ತಾರೆ. ಅದು ನನಗೂ ಅರ್ಥವಾಗುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರಿನಲ್ಲೂ ದಂತ ಕಾಲೇಜುಗಳಿವೆ. ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಪಿಜಿ ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರೊಫೆಸರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಕಾಯಬೇಕಾಗುತ್ತದೆ, ಅಷ್ಟೇ.

ಹಂತ 5: ಅಂಚೆಯಲ್ಲಿ ಬರುವ ಅಲೈನರ್

ಮನೆಯಲ್ಲೇ ಅಚ್ಚು ತೆಗೆದು ಕಳಿಸಿ, ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ಕೂತು ಮೆಲ್ಲಗೆ ಸರಿಸುವ ಪ್ಲಾಸ್ಟಿಕ್ ಕವಚ) ತರಿಸಿಕೊಳ್ಳುವುದು ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಗಿತ್ತು. ಅದರಲ್ಲಿ ಮುಂದಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ನಿಂತವರಿಗೂ ಕಂತು ಕಟ್ಟುತ್ತಲೇ ಇರಿ ಎಂದು ಹೇಳಿತು. ಇಲ್ಲಿ ಆನ್‌ಲೈನ್‌ನಲ್ಲಿ ಅಲೈನರ್ ತೆಗೆದುಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: ಎಕ್ಸ್‌ರೇ ನೋಡುವ ಡಾಕ್ಟರ ಹೆಸರೇನು? ನೋವಾದರೆ ನಾನು ಯಾರನ್ನು ಎದುರು ಕೂತು ಕಾಣಬೇಕು? ಉತ್ತರ ಸಿಗದಿದ್ದರೆ ಬಿಡಿ.

2016ರಲ್ಲಿ ಅಮೆರಿಕದ ಅಮೋಸ್ ಡಡ್ಲಿ ಎಂಬ ವಿದ್ಯಾರ್ಥಿ ಕಾಲೇಜಿನ 3ಡಿ ಪ್ರಿಂಟರ್ ಬಳಸಿ, 60 ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ತನಗೆ ತಾನೇ ಅಲೈನರ್ ಮಾಡಿಕೊಂಡು ಸುದ್ದಿಯಾದ. ಅವನ ಹಲ್ಲು ಸರಿಹೋಯಿತು. ಆದರೆ ಅವನು ಚಿಕ್ಕವನಿದ್ದಾಗಲೇ ಕ್ಲಿಪ್ ಹಾಕಿಸಿಕೊಂಡಿದ್ದ. ಆಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕದೆ ಬಿಟ್ಟಿದ್ದರಿಂದ ಹಲ್ಲು ಮತ್ತೆ ಸೊಟ್ಟಗಾಗಿತ್ತು.

ಹಂತ 6: ರಿಟೇನರ್ ಬಿಡಬೇಡಿ

ಕ್ಲಿಪ್ ತೆಗೆದ ದಿನ ಎಲ್ಲರಿಗೂ ಖುಷಿ. ಸರಿದ ಹಲ್ಲು ಮಾತ್ರ ಹಳೇ ಜಾಗಕ್ಕೆ ಹೋಗಲು ನೋಡುತ್ತಲೇ ಇರುತ್ತದೆ. ಡಾಕ್ಟರು ಹೇಳಿದಷ್ಟು ಕಾಲ ರಿಟೇನರ್ ಹಾಕಿ. ಬಿಸಿನೀರಿನಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ. ಡಬ್ಬಿ ಯಾವಾಗಲೂ ಜೊತೆಗಿರಲಿ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಟಿಶ್ಯೂ ಕಾಗದದಲ್ಲಿ ಸುತ್ತಿ ಎಲೆ ಪಕ್ಕ ಇಟ್ಟರೆ, ಎಲೆ ಎತ್ತುವವರು ಅದನ್ನೂ ಸೇರಿಸಿ ಎತ್ತಿಕೊಂಡು ಹೋಗುತ್ತಾರೆ.