ಬೆಳಗ್ಗೆ ಹುಳಿ, ಸಂಜೆ ಸಪ್ಪೆ: ಕಾಡುಬಸಳೆ ಎಲೆಯಿಂದ ಮಾಡಿದ ಪಾಠ

ಹತ್ತನೇ ತರಗತಿಯ ಮಕ್ಕಳಿಗೆ ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠವಾಗಿರುತ್ತದೆ. ಅದರಲ್ಲಿ ಬೆಳಕು ಏನು ಕೆಲಸ ಮಾಡುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ತಲೆ ತಗ್ಗಿಸುತ್ತದೆ. ಚಿತ್ರದುರ್ಗದಲ್ಲಿ ವಿಜ್ಞಾನ ಕಲಿಸುವ ನನಗೆ ಇಲ್ಲಿ ನೆರವಾದದ್ದು ಕಾಡುಬಸಳೆ. ಎಲೆಯನ್ನು ಮಣ್ಣಿನ ಮೇಲೆ ಇಟ್ಟರೆ ಅಂಚಿನಲ್ಲೇ ಮರಿಗಿಡ ಮೂಡುತ್ತದಲ್ಲ, ಅದೇ ಗಿಡ.

ಒಂದು ಕಾಲಕ್ಕೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇನ್ ಈ ಎಲೆ ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿ 1815ರಲ್ಲಿ ಪ್ರಕಟಿಸಿದರು. ಅವರು ನಾಲಿಗೆಯಿಂದ ಕಂಡುಕೊಂಡದ್ದನ್ನು ನಾನು ರಾಸಾಯನಿಕದಿಂದ ತೋರಿಸಿದೆ. ಈ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ. ದನಕರುಗಳು ಹೆಚ್ಚು ಮೇಯ್ದರೆ ಅಪಾಯ. ಹಾಗಾಗಿ ಮಕ್ಕಳಿಗೆ ಬಾಯಿಗಿಡಲು ಬಿಡಲಿಲ್ಲ.

ಸೂರ್ಯ ಮೂಡುವ ಮುನ್ನ ಕಿತ್ತ ಎಲೆಯನ್ನೂ ಸಂಜೆ ಕಿತ್ತ ಎಲೆಯನ್ನೂ ತೂಕ ಮಾಡಿ, ಸಮನಾಗಿ ನೀರು ಹಾಕಿ, ಕಿತ್ತ ಕೂಡಲೇ ಅರೆದೆವು. ರಸವನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ ತಿಳಿಯಾಗಿಸಬೇಕು, ಇಲ್ಲವಾದರೆ ಹಸಿರಿನಲ್ಲಿ ಬಣ್ಣ ಕಾಣುವುದಿಲ್ಲ. ಹುಳಿ ಇರುವವರೆಗೆ ಬಣ್ಣವಿಲ್ಲದೆ, ಅದು ತೀರಿದ ಮೇಲೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಬೆರೆಸಿ, ಹುಳಿಯನ್ನು ತೀರಿಸುವ ಕ್ಷಾರವಾದ ಸೋಡಿಯಂ ಹೈಡ್ರಾಕ್ಸೈಡಿನ ತೆಳುವಾದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದೆವು. ಹುಳಿ ಹೆಚ್ಚಿದ್ದಷ್ಟೂ ಹನಿಗಳು ಹೆಚ್ಚು ಬೇಕು. ಸಂಜೆಯ ರಸ ಬೇಗನೆ ಗುಲಾಬಿಯಾಯಿತು. ಬೆಳಗಿನದು ಹನಿ ಬಿದ್ದಲ್ಲಿ ಗುಲಾಬಿಯಾಗಿ, ಅಲುಗಿಸಿದೊಡನೆ ಮತ್ತೆ ಮಾಸುತ್ತಿತ್ತು. ಹನಿ ಎಣಿಸುತ್ತಿದ್ದ ಹುಡುಗಿ, "ಸರ್, ಇದು ಮುಗಿಯುವುದೇ ಇಲ್ಲ" ಎಂದಳು.

ಇಡೀ ದಿನ ರಟ್ಟಿನ ಪೆಟ್ಟಿಗೆ ಮುಚ್ಚಿಟ್ಟಿದ್ದ ಕುಂಡದ ಎಲೆಯನ್ನೂ ಸಂಜೆ ಪರೀಕ್ಷಿಸಿದೆವು. ಹುಳಿ ಅಷ್ಟಾಗಿ ಇಳಿದಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಈ ಮೂರನೆಯ ಎಲೆ. ಹುಳಿಯನ್ನು ಕರಗಿಸಿದ್ದು ಗಡಿಯಾರವಲ್ಲ, ಬಿಸಿಲು ಎಂಬುದನ್ನು ಅದೊಂದೇ ಹೇಳುತ್ತದೆ.

ಕಾರಣ ವಿವರಿಸುವುದು ಆಮೇಲೆ ಸುಲಭವಾಯಿತು. ದುರ್ಗದ ಒಣಗಾಳಿಗೆ ಹಗಲು ಪತ್ರರಂಧ್ರ ತೆರೆದರೆ ಗಿಡದ ನೀರೆಲ್ಲ ಆವಿಯಾಗುತ್ತದೆ. ಕಾಡುಬಸಳೆ, ಕೋಟೆಯ ಸುತ್ತಲಿನ ಪಾಪಾಸುಕಳ್ಳಿ ಮುಂತಾದವು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿ, ಅದನ್ನು ಮ್ಯಾಲಿಕ್ ಆಮ್ಲವಾಗಿಸಿ ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತವೆ. ಅದೇ ಬೆಳಗಿನ ಹುಳಿ. ಹಗಲು ರಂಧ್ರ ಮುಚ್ಚಿಕೊಂಡು, ಆಮ್ಲದಿಂದ ಅನಿಲವನ್ನು ಬಿಡಿಸಿ ಸಕ್ಕರೆ ಕಟ್ಟುತ್ತವೆ.

ಬೆಳಕಿನ ಕೆಲಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಚ್ಚಾವಸ್ತು ರಾತ್ರಿಯೇ ಬಂದು ಬಿದ್ದಿದೆ, ಆದರೂ ಸಕ್ಕರೆಯಾಗಿಲ್ಲ. ಪತ್ರಹರಿತ್ತು ಹೀರಿದ ಬೆಳಕು ನೀರಿನ ಅಣುವನ್ನು ಒಡೆಯುತ್ತದೆ. ಆಮ್ಲಜನಕ ಹೊರಬೀಳುತ್ತದೆ, ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ಸಾಗಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಶಕ್ತಿಭರಿತ ಅಣುಗಳು ತಯಾರಾಗುತ್ತವೆ. ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸಲು ಖರ್ಚಾಗುವುದು ಈ ಎರಡೇ. ಆ ದಾರಿಯನ್ನು ಬಿಡಿಸಿ ತೋರಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಹೊರಬರುವ ಆಮ್ಲಜನಕ ನೀರಿನದು, ಇಂಗಾಲದ ಡೈಆಕ್ಸೈಡಿನದಲ್ಲ ಎಂಬುದನ್ನು ನಾನು ಪ್ರತಿ ವರ್ಷ ಒತ್ತಿ ಹೇಳುತ್ತೇನೆ. ಜಾಣ ಮಕ್ಕಳೂ ಎಡವುವ ಜಾಗ ಅದು.

ಚಳ್ಳಕೆರೆ ಕಡೆಯ ರೈತರ ಮನೆಯ ಹುಡುಗನೊಬ್ಬ ಕೇಳಿದ: "ನಮ್ಮ ಶೇಂಗಾ ಏಕೆ ಹೀಗೆ ಮಾಡುವುದಿಲ್ಲ ಸರ್? ಮಳೆ ಕೈಕೊಟ್ಟರೂ ಬದುಕುತ್ತಿತ್ತಲ್ಲ." ಎಂಥ ಒಳ್ಳೆಯ ಪ್ರಶ್ನೆ! ಒಂದು ರಾತ್ರಿಯಲ್ಲಿ ರಸದಾನಿಗೆ ಹಿಡಿಸುವಷ್ಟು ಆಮ್ಲವೇ ಕಳ್ಳಿಯ ಮರುದಿನದ ಬಂಡವಾಳ, ಆದ್ದರಿಂದ ಅದರ ಬೆಳವಣಿಗೆ ನಿಧಾನ. ಶೇಂಗಾ ಸುಮಾರು ನಾಲ್ಕು ತಿಂಗಳಲ್ಲಿ ಹೂವು, ಕಾಯಿ ಎಲ್ಲ ಮುಗಿಸಬೇಕು. ಹಗಲಿಡೀ ರಂಧ್ರ ತೆರೆದು, ನೀರು ಕಳೆದುಕೊಂಡಾದರೂ ಅನಿಲ ತುಂಬಿಕೊಳ್ಳದೆ ಅದಕ್ಕೆ ಗತ್ಯಂತರವಿಲ್ಲ.

ಪ್ರಯೋಗ ಮಾಡುವ ಶಿಕ್ಷಕರು ಡಿಸೆಂಬರ್, ಜನವರಿಯನ್ನು ಆರಿಸಿಕೊಳ್ಳಿ. ರಾತ್ರಿ ತಂಪಾಗಿ ಹಗಲು ಬಿಸಿಲು ಚುರುಕಾಗಿದ್ದಾಗ ಬೆಳಗಿನ ಮತ್ತು ಸಂಜೆಯ ಹನಿಗಳ ಅಂತರ ಚೆನ್ನಾಗಿ ಕಾಣುತ್ತದೆ. ಬಲಿತ, ದಪ್ಪ ಎಲೆಗಳನ್ನೇ ಕೀಳಿರಿ.