ಐದು ಕಂಪನಿ, ಒಂದು ಕೈ: ಏರ್ ಪಿಸ್ತೂಲ್ ಆರಿಸುವುದು ಹೇಗೆ?

ತುಮಕೂರು ರೈಲು ನಿಲ್ದಾಣದಲ್ಲಿ ಬೆಳಗಿನ ಗಾಡಿಗೆ ಕಾಯುವವರಲ್ಲಿ ಉದ್ದನೆಯ ಪ್ಲಾಸ್ಟಿಕ್ ಪೆಟ್ಟಿಗೆ ಹಿಡಿದ ಮಕ್ಕಳು ಈಗ ಅಲ್ಲೊಬ್ಬರು ಇಲ್ಲೊಬ್ಬರು ಕಾಣುತ್ತಾರೆ. ಬೆಂಗಳೂರಿನ ಶೂಟಿಂಗ್ ರೇಂಜ್‌ಗೆ ಹೋಗುವವರು. ಜೊತೆಗಿರುವ ಅಪ್ಪಂದಿರ ಮಾತು ಎಲ್ಲಿಂದ ಶುರುವಾದರೂ ಯಶವಂತಪುರ ಬರುವಷ್ಟರಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಯಾವ ಪಿಸ್ತೂಲ್ ತಗೊಳ್ಳೋದು ಸಾರ್?" ಒಬ್ಬರು ಮೊರಿನಿ ಅಂತಾರೆ, ಇನ್ನೊಬ್ಬರು ಸ್ಟೈಯರ್ ಬಿಟ್ಟರೆ ಇಲ್ಲ ಅಂತಾರೆ. ವಾಲ್ಟರ್, ಪಾರ್ದಿನಿ, ಫೈನ್‌ವೆರ್ಕ್‌ಬೌ ಹೆಸರೂ ಬಂದುಹೋಗುತ್ತವೆ. ಎಲ್ಲವೂ ಲಕ್ಷದ ಮೇಲಿನ ಮಾತು. ನಮ್ಮ ರಾಜ್ಯದವರೇ ಆದ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ, ಟಿ.ಎಸ್. ದಿವ್ಯಾ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಿಂದ ಎರಡು ಬೆಳ್ಳಿ ತಂದಾಗ ಇಷ್ಟು ಮಾತಿರಲಿಲ್ಲ. 2024ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಮನೆಮನೆಯಲ್ಲೂ ಇದೇ ಆಯಿತು.

ಅಕ್ಕನ ಮಗಳಿಗೆ ಪಿಸ್ತೂಲ್ ಹುಡುಕುತ್ತಾ ಒಂದು ವರ್ಷ ಅಲೆದವನು ನಾನು. ಒಮ್ಮೆ ಮೋಸವನ್ನೂ ಹೋದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೈಸೆನ್ಸ್ ಬೇಕೇ?

ಈ ಪ್ರಶ್ನೆಯನ್ನು ನೆಂಟರೆಲ್ಲ ಕೇಳುತ್ತಾರೆ, ಹಾಗಾಗಿ ಮೊದಲೇ ಮುಗಿಸಿಬಿಡೋಣ. ಗುಂಡು ಹಾರಿಸುವ ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು. ಅದರ ದಾರಿ ಬೇರೆ, ಈ ಲೇಖನ ಅದರದ್ದಲ್ಲ. 4.5 ಮಿ.ಮೀ. ನಳಿಕೆಯ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲು ಒತ್ತಿ ತುಂಬಿದ ಗಾಳಿಯ ಬಲದಿಂದ ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು, ಅಂದರೆ ಪುಟ್ಟ ಗುಂಡನ್ನು, ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಕಳಿಸುತ್ತದೆ, ಅಂದರೆ 6 ಜೂಲ್ ಹತ್ತಿರ. ಕಣ್ಣು ಕಳೆಯಲು ಅಷ್ಟು ಧಾರಾಳ ಸಾಕು, ಆದ್ದರಿಂದ ಆಟಿಕೆ ಅಂದುಕೊಳ್ಳಬೇಡಿ. ಬಿಲ್ಲಿನ ಪ್ರತಿ ಮತ್ತು ಕ್ಲಬ್ಬಿನ ಗುರುತಿನ ಚೀಟಿ ಪೆಟ್ಟಿಗೆಯಲ್ಲೇ ಇರಲಿ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎಷ್ಟೇ ಪ್ರೀತಿಯಿಂದ "ಸ್ವಲ್ಪ ತೋರಿಸಪ್ಪಾ" ಅಂದರೂ ಪೆಟ್ಟಿಗೆ ತೆರೆಯಬೇಡಿ.

ಒಂದೇ ಅಚ್ಚಿನ ಬೆಲ್ಲ

ಐದೂ ಕಂಪನಿಯ ಪಿಸ್ತೂಲುಗಳನ್ನು ಸಾಲಾಗಿ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅದಕ್ಕೆ ಕಾರಣ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. ಪಿಸ್ತೂಲಿನ ತೂಕ 1,500 ಗ್ರಾಂ ಮೀರುವಂತಿಲ್ಲ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಕೂರಬೇಕು. ಗುರಿ ಹಿಡಿಯಲು ದುರ್ಬೀನಿನಂಥ ಸೈಟ್ ಹಾಕುವಂತಿಲ್ಲ. ಅಚ್ಚು ಒಂದೇ ಆದಮೇಲೆ ಬೆಲ್ಲ ಬೇರೆ ಆಕಾರಕ್ಕೆ ಬರುವುದಾದರೂ ಹೇಗೆ?

ನಿಖರತೆಯೂ ಅಷ್ಟೆ. 10 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಈ ಐದರಲ್ಲಿ ಯಾವುದನ್ನೇ ಬಿಗಿಯಾಗಿ ಕಟ್ಟಿ ಒಪ್ಪುವ ಪೆಲೆಟ್ ಹಾಕಿ ಹೊಡೆದರೂ ಪೆಲೆಟ್‌ಗಳೆಲ್ಲ ಒಂದೇ ತೂತಿನಲ್ಲಿ ಹೋಗುತ್ತವೆ. ಏಳಕ್ಕೋ ಎಂಟಕ್ಕೋ ಬಿದ್ದ ಹೊಡೆತ ಕೈಯದ್ದು, ಉಕ್ಕಿನದ್ದಲ್ಲ. ಹಾಗಾಗಿ "ಯಾವುದು ಹೆಚ್ಚು ನಿಖರ?" ಅನ್ನುವ ಪ್ರಶ್ನೆಯನ್ನು ನಾನಂತೂ ಕೈಬಿಟ್ಟೆ.

ಮೊದಲು ಕೈ ನೋಡಿ

ಖರೀದಿಗೆ ಮುಂಚೆ ಆರು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ನಡೆಯಲಿ. ಆಮೇಲೆ ಸಿಗುವ ಪ್ರತಿ ಕಂಪನಿಯದ್ದನ್ನೂ ಹಿಡಿದು ನೋಡಿ. ಪರೀಕ್ಷೆ ಸುಲಭ: ಪೆಲೆಟ್ ಇಲ್ಲದ ಪಿಸ್ತೂಲನ್ನು ಗುರಿಯ ಕಡೆ ಎತ್ತಿ, ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟು ತಾನಾಗಿಯೇ ಸಮನಾಗಿ ನಿಂತಿದ್ದರೆ ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿ, ಕೈಗೆ ಒಪ್ಪಿದೆ. ಪ್ರತಿ ಸಲವೂ ಎಡಕ್ಕೋ ಕೆಳಕ್ಕೋ ವಾಲಿದ್ದರೆ, ಮಣಿಕಟ್ಟು ಅದನ್ನು ತಿದ್ದುತ್ತಲೇ ಇರಬೇಕಾಗುತ್ತದೆ. 75 ನಿಮಿಷದಲ್ಲಿ 60 ಹೊಡೆತ ಹೊಡೆಯಬೇಕಾದ ಆಟ ಇದು, ಹಾಗೆ ತಿದ್ದುವ ಶಕ್ತಿ ನಲವತ್ತನೇ ಹೊಡೆತಕ್ಕೇ ಮುಗಿದಿರುತ್ತದೆ.

ಗ್ರಿಪ್‌ಗಳು ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ, ಎಡಗೈಯವರಿಗೂ ಬಲಗೈಯವರಿಗೂ ಬೇರೆಬೇರೆಯಾಗಿ ಬರುತ್ತವೆ. ಎಡಗೈಯದ್ದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ, ಹೇಳಿ ತರಿಸಬೇಕು. ಬೆಳೆಯುವ ಮಕ್ಕಳಿಗೆ ಮುಂದೆ ಆಗುತ್ತದೆಂದು ದೊಡ್ಡ ಗ್ರಿಪ್ ತೆಗೆದುಕೊಡುವ ಅಭ್ಯಾಸ ನಮ್ಮಲ್ಲಿದೆ, ಶಾಲೆಯ ಯೂನಿಫಾರ್ಮ್ ಹೊಲಿಸಿದ ಹಾಗೆ. ಇಲ್ಲಿ ಅದು ನಡೆಯದು. ಇವತ್ತಿನ ಕೈಗೆ ಸಣ್ಣ ಗ್ರಿಪ್ ಕೊಳ್ಳಿ. ಎರಡು ವರ್ಷದ ಮೇಲೆ ಗ್ರಿಪ್ ಮಾತ್ರ ಬದಲಿಸಿದರಾಯಿತು.

ಯಾವ ಗ್ರಿಪ್ಪೂ ಪೆಟ್ಟಿಗೆಯಿಂದ ತೆಗೆದ ದಿನವೇ ಪೂರ್ತಿ ಒಪ್ಪುವುದಿಲ್ಲ. ಅಂಗೈ ಮತ್ತು ಮರದ ನಡುವೆ ಸಂದು ಇದ್ದಲ್ಲಿ ಎಂ-ಸೀಲ್ ಮೆತ್ತಿ, ಅದು ಗಟ್ಟಿಯಾಗುವ ಮುನ್ನ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಮ್ಮೆ ಹಿಡಿದು ಅಚ್ಚು ಒತ್ತಿಸುವುದು ಹಳಬರ ಉಪಾಯ. ಹೆಚ್ಚಾದದ್ದನ್ನು ಮರಳು ಕಾಗದದಿಂದ ಉಜ್ಜಬಹುದು. ಅಕ್ಕನ ಮಗಳ ಗ್ರಿಪ್ಪನ್ನು ನಮ್ಮ ಬೀದಿಯ ಬಡಗಿಯೊಬ್ಬರು ಅರದಿಂದ ತಿದ್ದಿಕೊಟ್ಟರು. ಅರ ಆಡಿಸುವ ಮೊದಲು ಅವರು ಹೇಳಿದ್ದು: "ಮೆತ್ತಿದ್ದನ್ನ ತೆಗೀಬೋದು ಸ್ವಾಮಿ, ಕೆತ್ತಿದ್ದನ್ನ ಹಾಕೋಕಾಗಲ್ಲ." ಒಂದು ನಿಯಮ ಮಾತ್ರ ನೆನಪಿರಲಿ. ಗ್ರಿಪ್ ಮಣಿಕಟ್ಟಿಗೆ ಊರುಗೋಲಾಗಬಾರದು, ಅಂಗೈ ಕೆಳಗಿನ ಆಸರೆ ಮೇಲಕ್ಕೆ ಮಡಿಚಿಕೊಂಡಿರಬಾರದು. ಪಂದ್ಯಕ್ಕೆ ಮುನ್ನ ತಪಾಸಣೆಯಲ್ಲಿ ಅದನ್ನೂ ನೋಡುತ್ತಾರೆ.

ತೂಕ ಹಿಡಿಸುತ್ತದೆಯೇ ಎಂದು ನೋಡಲು ಪಿಸ್ತೂಲೇ ಬೇಕಿಲ್ಲ. ಇವೆಲ್ಲ ಸುಮಾರು ಒಂದು ಕೆ.ಜಿ. ತೂಗುತ್ತವೆ. ತುಂಬಿದ ಒಂದು ಲೀಟರ್ ನೀರಿನ ಬಾಟಲಿಯನ್ನು ಒಂದೇ ಕೈಯಲ್ಲಿ ಭುಜದ ಎತ್ತರಕ್ಕೆ ಎತ್ತಿ ಹತ್ತು ಸೆಕೆಂಡ್ ಹಿಡಿದು ಇಳಿಸುವುದು, ಹೀಗೆ ಅರವತ್ತು ಸಲ. ನಾನು ಇಪ್ಪತ್ತೆರಡಕ್ಕೆ ಕೈಬಿಟ್ಟೆ, ಹುಡುಗಿ ನಕ್ಕಳು.

ಟ್ರಿಗರ್: ಸ್ಪ್ರಿಂಗೋ ಕರೆಂಟೋ

ಕಂಪನಿಗಳ ನಡುವೆ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ. ಸ್ವಿಟ್ಜರ್ಲೆಂಡಿನ ಮೊರಿನಿಯ ಸಿಎಂ 162 ಇಐ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಟ್ರಿಗರ್ ಇದೆ. ಆಸ್ಟ್ರಿಯಾದ ಸ್ಟೈಯರ್‌ನ ಎಲ್‌ಪಿ 10ರಲ್ಲಿ ಸ್ಪ್ರಿಂಗು, ಸನ್ನೆಗಳ ಮೆಕ್ಯಾನಿಕಲ್ ಟ್ರಿಗರ್. ಜರ್ಮನಿಯ ವಾಲ್ಟರ್ ಎಲ್‌ಪಿ 500 ಎರಡೂ ಬಗೆಯಲ್ಲಿ ಸಿಗುತ್ತದೆ. ಎಲೆಕ್ಟ್ರಾನಿಕ್ ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ ಚುರುಕಾಗಿ ಬಿಡುತ್ತದೆ, ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಆದರೆ ಕೆಟ್ಟರೆ ಸ್ಕ್ರೂಡ್ರೈವರ್‌ಗೆ ಜಗ್ಗದು. ಮೆಕ್ಯಾನಿಕಲ್ ಟ್ರಿಗರ್‌ಗೆ ಆಗಾಗ ಹೊಂದಾಣಿಕೆ ಬೇಕು, ಆದರೆ ಬಲ್ಲವರ ಕೈಯಲ್ಲಿ ರೇಂಜ್‌ನಲ್ಲೇ ಸರಿಹೋಗುತ್ತದೆ. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಪಿಸ್ತೂಲು ನಡುವೆಯೇ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು. 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ಇಳಿದು ಫೈನಲ್ ತಪ್ಪಿತು. ಯಾವ ಬಗೆಯ ಪಿಸ್ತೂಲಾದರೂ ಕೈಕೊಡಬಹುದು. ಕೊಟ್ಟಾಗ ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೆಯ ಪಿಸ್ತೂಲು ಕೊಳ್ಳುವುದಾದರೆ ಟ್ರಿಗರ್ ತೂಕ ನೋಡಲು ಸಂತೆಯ ಅರ್ಧ ಕೆ.ಜಿ. ತೂಕದ ಕಲ್ಲು ಸಾಕು. ಗಾಳಿ ತುಂಬಿ, ಪೆಲೆಟ್ ಹಾಕದೆ, ನಳಿಕೆ ನೆಟ್ಟಗೆ ಮೇಲಕ್ಕೆ ಇರುವಂತೆ ಹಿಡಿದು, ಕಲ್ಲಿಗೆ ಕಟ್ಟಿದ ದಾರದ ಕುಣಿಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ನೆಲದಿಂದ ನಿಧಾನವಾಗಿ ಎತ್ತಬೇಕು. ಕಲ್ಲು ಮೇಲೆದ್ದರೂ ಟ್ರಿಗರ್ ಬಿಡಬಾರದು. ಬಿಟ್ಟರೆ ಪಂದ್ಯದ ತಪಾಸಣೆಯಲ್ಲೂ ಬಿಡುತ್ತದೆ. ಹಾಗೆಂದು ಒಳಗಿನ ಸ್ಕ್ರೂಗಳಿಗೆ ಕೈಹಾಕಲು ಹೋಗಬೇಡಿ. ಪಕ್ಕದ ಮನೆಯಲ್ಲಿ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದ ಕೈ ಅದು. ಅವರೇ ಭೂತಗನ್ನಡಿ ಹಿಡಿದು ಒಳಗೆ ಇಣುಕಿ, "ಇದನ್ನ ಬಲ್ಲವರ ಹತ್ರ ತಗೊಂಡು ಹೋಗಪ್ಪ" ಎಂದು ಮುಚ್ಚಿಕೊಟ್ಟರು.

ಹೊಡೆದಾಗಿನ ಸಣ್ಣ ಕುಲುಕನ್ನು ತಡೆಯಲು ಸ್ಟೈಯರ್ ಎಲ್‌ಪಿ 10, ಪಾರ್ದಿನಿ ಕೆ 12, ಫೈನ್‌ವೆರ್ಕ್‌ಬೌ ಪಿ8ಎಕ್ಸ್ ಪಿಸ್ತೂಲುಗಳಲ್ಲಿ ಒಳಗೇ ಒಂದು ಅಬ್ಸಾರ್ಬರ್ ಇದೆ. ಮೊರಿನಿ 162ರಲ್ಲಿ ಇಲ್ಲ. ಇಲ್ಲದೆಯೂ ಅದು ಗೆದ್ದ ಪದಕಗಳಿಗೆ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಇದು ಊಟದ ಉಪ್ಪಿನಕಾಯಿ.

ಗಾಳಿ ಎಲ್ಲಿ ತುಂಬಿಸುತ್ತೀರಿ?

ಜಾಹೀರಾತಿನಲ್ಲಿ ಇಲ್ಲದ, ಆದರೆ ಜಿಲ್ಲಾ ಕೇಂದ್ರದಲ್ಲಿ ಇರುವವರನ್ನು ಹಣ್ಣುಗಾಯಿ ಮಾಡುವ ವಿಷಯ ಇದು. ಈ ಪಿಸ್ತೂಲುಗಳ ಸಿಲಿಂಡರ್‌ಗೆ 200 ಬಾರ್ ಒತ್ತಡದ ಗಾಳಿ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದರ ಹತ್ತಿರಕ್ಕೂ ಹೋಗದು. ಒಂದೋ ಕ್ಲಬ್ಬಿನ ದೊಡ್ಡ ಟ್ಯಾಂಕಿನಿಂದ ತುಂಬಿಸಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಕೈಪಂಪು ಕೊಳ್ಳಬೇಕು. ಮಳೆಗಾಲದಲ್ಲಿ ಕೈಪಂಪಿನಿಂದ ತೇವ ಒಳಹೋಗುತ್ತದೆ, ತೇವ ಹೀರುವ ಫಿಲ್ಟರ್ ಇರುವ ಪಂಪನ್ನೇ ಕೇಳಿ. ಒಮ್ಮೆ ತುಂಬಿಸಿದರೆ 150ಕ್ಕೂ ಹೆಚ್ಚು ಹೊಡೆತ ಬರುತ್ತವೆ. ಎರಡು ಸಿಲಿಂಡರ್ ಇದ್ದರೆ ವಾರ ಕಳೆಯಬಹುದು.

ನಾನು ಮೋಸ ಹೋದದ್ದು ಇಲ್ಲೇ. ಒಬ್ಬರು ಹಳೆಯ ಪಿಸ್ತೂಲನ್ನು ಒಳ್ಳೆಯ ಬೆಲೆಗೆ ಕೊಟ್ಟರು. ಮೈಮೇಲೆ ಒಂದು ಗೀರಿರಲಿಲ್ಲ, ಗುರಿಯೂ ಚೆನ್ನಾಗಿತ್ತು. ಪಂದ್ಯದ ತಪಾಸಣೆಯಲ್ಲಿ ಸಿಲಿಂಡರ್ ಮೇಲಿನ ದಿನಾಂಕ ಓದಿ ಪಕ್ಕಕ್ಕಿಟ್ಟರು. ಸಿಲಿಂಡರ್‌ನ ಬಾಳಿಕೆ ಹತ್ತು ವರ್ಷ. ಅದು ಮುಗಿದದ್ದನ್ನು ಪಂದ್ಯಕ್ಕೆ ಬಿಡುವುದಿಲ್ಲ, ಬಿಟ್ಟರೂ ಬಳಸಬಾರದು. ಅಷ್ಟು ಒತ್ತಡದ ಲೋಹ ಕೈಯಿಂದ ಒಂದು ಗೇಣು ದೂರದಲ್ಲಿ ಇರುತ್ತದೆ. ಹೊಸ ಸಿಲಿಂಡರ್ ತರಿಸಲು ತಿಂಗಳುಗಟ್ಟಲೆ ಕಾದೆವು. ಹಳೆಯದನ್ನು ಕೊಳ್ಳುವವರು ಬೆಲೆ ಕೇಳುವ ಮೊದಲೇ ಸಿಲಿಂಡರ್ ತಿರುಗಿಸಿ ದಿನಾಂಕ ಓದಿ.

ಹೀಗಾಗಿ, ಎರಡು ಕಂಪನಿಯದ್ದು ಕೈಗೆ ಸಮನಾಗಿ ಒಪ್ಪಿದರೆ, ನಿಮ್ಮ ಕ್ಲಬ್ಬಿನಲ್ಲಿ ಹೆಚ್ಚು ಜನ ಬಳಸುವುದನ್ನೇ ಕೊಳ್ಳಿ. ಪಂದ್ಯದ ದಿನ ಸಿಲಿಂಡರ್ ಸೋರಿದರೆ ಪಕ್ಕದವರದ್ದು ಸಿಗುತ್ತದೆ, ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಸಿಗುತ್ತದೆ, ಅದರ ಕಾಯಿಲೆ ಬಲ್ಲ ಕೋಚ್ ಸಿಗುತ್ತಾರೆ. ಊರಿಗೆಲ್ಲ ನಿಮ್ಮದೊಂದೇ ಆದರೆ ಆ ಹೆಮ್ಮೆ ಮೊದಲ ರಿಪೇರಿವರೆಗೆ ಮಾತ್ರ.

ಲಕ್ಷ ಹೊಂದಿಸಲಾಗದವರಿಗೆ ಸನ್ನೆಯನ್ನು ಒಮ್ಮೆ ಎಳೆದು ಗಾಳಿ ತುಂಬುವ ಪಿಸ್ತೂಲುಗಳಿವೆ. ರಷ್ಯಾದ ಐಝಡ್‌ಎಚ್-46ಎಂ, ಫೈನ್‌ವೆರ್ಕ್‌ಬೌನ ಹಳೆಯ 103 ಆ ಬಗೆಯವು. ಸಿಲಿಂಡರಿನ ತಾಪತ್ರಯವೇ ಇಲ್ಲ, ಪ್ರತಿ ಹೊಡೆತಕ್ಕೂ ತೋಳು ದಣಿಯುತ್ತದೆ ಅಷ್ಟೆ. ಕಲಿಯಲು ಧಾರಾಳವಾಗಿ ಸಾಕು.

ಕೊಳ್ಳುವ ದಿನ ಎರಡು ಮೂರು ಬಗೆಯ ಚಪ್ಪಟೆ ಮೂತಿಯ ಪೆಲೆಟ್ ತೆಗೆದುಕೊಂಡು ಹೋಗಿ. 4.49, 4.50 ಎಂದು ಡಬ್ಬದ ಮೇಲೆ ತಲೆಯ ಅಳತೆ ಇರುತ್ತದೆ. ಪ್ರತಿಯೊಂದರಲ್ಲೂ ಐದೈದು ಹೊಡೆದು ತೂತು ಚಿಕ್ಕದಾಗಿ ಬಂದದ್ದನ್ನು ಗುರುತು ಹಾಕಿಕೊಳ್ಳಿ. ಪಿಸ್ತೂಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಪೆಟ್ಟಿಗೆಯಲ್ಲಿ ಕೀಲಿಗಳು, ಗಾಳಿ ತುಂಬುವ ಅಡಾಪ್ಟರ್, ಕಂಪನಿಯವರೇ ಹೊಡೆದು ಕಳಿಸಿದ ಪರೀಕ್ಷಾ ಕಾಗದ ಇವೆಯೇ ಎಂದು ನೋಡಿಕೊಳ್ಳಿ. ನಳಿಕೆ ಖಾಲಿ ಇದೆ ಎಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಇಲ್ಲದಿದ್ದರೆ ರೇಂಜ್‌ನಲ್ಲಿ ಪೆಟ್ಟಿಗೆಯಿಂದ ತೆಗೆಯಲೂ ಬಿಡುವುದಿಲ್ಲ. ಅದಕ್ಕಾಗಿ ಮತ್ತೆ ಬೆಂಗಳೂರಿಗೆ ಓಡಬೇಕಿಲ್ಲ. ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ಕಿತ್ತಳೆ ಬಣ್ಣದ ನೈಲಾನ್ ದಾರ ಇದೆಯಲ್ಲ, ಅದರಲ್ಲಿ ನಳಿಕೆಯೊಳಗೆ ಸಲೀಸಾಗಿ ಹೋಗುವಷ್ಟು ತೆಳ್ಳನೆಯದನ್ನು ಆರಿಸಿ, ಎರಡೂ ತುದಿ ಹೊರಗೆ ಕಾಣುವ ಹಾಗೆ ಒಂದು ತುಂಡು ಕತ್ತರಿಸಿಕೊಂಡರೆ ಕೆಲಸ ನಡೆಯುತ್ತದೆ.