ಕರೆದಿದ್ದರೆ ಹೋಗುತ್ತಿದ್ದಿರಾ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ನಾನು ಮೊದಲ ಬಾರಿ ಟ್ಯಾಬ್ ಹಿಡಿದು ಹೋದದ್ದು 2022ರ ಬೇಸಿಗೆಯಲ್ಲಿ. ಆವರ್ತಕ ಕಾರ್ಮಿಕ ಬಲ ಸಮೀಕ್ಷೆಗೆ ಗುತ್ತಿಗೆಯ ಮೇಲೆ ಗಣತಿದಾರಳಾಗಿ ಸೇರಿ ಆಗಿನ್ನೂ ಎರಡು ತಿಂಗಳಾಗಿತ್ತು. ದೇಶದಲ್ಲಿ ಎಷ್ಟು ಮಂದಿಗೆ ಉದ್ಯೋಗವಿದೆ, ಎಷ್ಟು ಮಂದಿಗಿಲ್ಲ ಎಂದು ಪತ್ರಿಕೆಗಳಲ್ಲಿ ಬರುವ ಸರ್ಕಾರಿ ಅಂಕಿಗಳು ಈ ಸಮೀಕ್ಷೆಯಿಂದಲೇ ಹುಟ್ಟುತ್ತವೆ. ನಾವು ಕ್ಷೇತ್ರದಲ್ಲಿರುವವರು ಇದನ್ನು ‘ಪಿಎಲ್‌ಎಫ್‌ಎಸ್’ ಎಂದೇ ಕರೆಯುತ್ತೇವೆ.

ಆ ಮನೆಯ ಯಜಮಾನರು ಭಟ್ಟಿಯ ಮುಂದೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು. ಅವರ ವಿವರ ಬರೆದುಕೊಂಡು ಒಳಗೆ ಹೋಗಿ ಅವರ ಹೆಂಡತಿಯನ್ನು ಕೇಳಿದೆ: “ಅಕ್ಕ, ನೀವೇನು ಕೆಲಸ ಮಾಡುತ್ತೀರಿ?” “ನನಗೇನು ಕೆಲಸ ಮೇಡಂ, ಮನೆಯಲ್ಲೇ ಇರುತ್ತೇನೆ” ಎಂದರು. ನಾನು 92 ಒತ್ತಿದೆ. ಮನೆವಾರ್ತೆ ಮಾತ್ರ ನೋಡಿಕೊಳ್ಳುವವರ ಸಂಕೇತ ಅದು. ಮಕ್ಕಳ ಓದು, ಮನೆಯ ಖರ್ಚು ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಅವರ ಬಲಗೈಯಲ್ಲಿ ದಬ್ಬಳವಿತ್ತು. ಮಂಡಕ್ಕಿ ತುಂಬಿದ ಚೀಲವನ್ನು ಮೊಣಕಾಲಿಗೆ ಒತ್ತಿ ಹಿಡಿದು, ಬಾಯಿ ಮಡಚಿ, ಸೆಣಬಿನ ದಾರದಿಂದ ನಾಲ್ಕೈದು ಹೊಲಿಗೆ ಹಾಕಿ, ಗಂಟು ಬಿಗಿದು ಗೋಡೆಗೆ ಒರಗಿಸುತ್ತಿದ್ದರು. ನಾನು ಬಂದಾಗ ಗೋಡೆಯ ಪಕ್ಕ ಒಂದು ಚೀಲವಿತ್ತು, ಎದ್ದಾಗ ಐದಿದ್ದವು.

ಆಟೋದಲ್ಲಿ ಹಿಂದಿರುಗುವಾಗ ಆ ಚೀಲಗಳು ನೆನಪಾಗಿ ಮೈ ಬಿಸಿಯಾಯಿತು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ, ನೆಲದ ಮೇಲೆ ಕುಳಿತು, ದಿನ ದಿನದ ಲೆಕ್ಕ ಕೇಳಿದೆ. ಭತ್ತ ನೆನೆಹಾಕುವುದು, ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರಡಿ ಕಾಲಾಡಿಸಿ ಒಣಗಿಸುವುದು, ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಜರಡಿ ಆಡಿಸುವುದು, ಚೀಲ ಹೊಲಿಯುವುದು. ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲ. ಅದಕ್ಕೆ ಅವರಿಗೆ ಕೂಲಿ ಕೊಡುವವರಿಲ್ಲ, ಆದರೆ ಆ ದುಡಿಮೆಯಿಲ್ಲದೆ ಭಟ್ಟಿ ನಡೆಯುವುದಿಲ್ಲ. ಇಂಥವರು ಕುಟುಂಬದ ಉದ್ಯಮದಲ್ಲಿ ಸಹಾಯಕರು, ಸಂಕೇತ 21. ಅವರು ಉದ್ಯೋಗದಲ್ಲಿರುವವರು. 92ನ್ನು ಅಳಿಸಿ 21 ಹಾಕಿದೆ. ಅಂದಿನಿಂದ ನನ್ನ ಬಾಯಿಂದ ಮೊದಲ ಪ್ರಶ್ನೆಯಲ್ಲಿ ‘ಕೆಲಸ’ ಎಂಬ ಪದ ಬರುವುದಿಲ್ಲ.

ನಮ್ಮ ಕಡೆ ‘ಕೆಲಸ’ ಎಂದರೆ ತಿಂಗಳ ಸಂಬಳ. ‘ಹುಡುಗನಿಗೆ ಕೆಲಸ ಸಿಕ್ಕಿತಂತೆ’ ಎಂದರೆ ನೇಮಕಾತಿ ಆದೇಶ ಬಂದಿದೆ ಎಂದೇ ಅರ್ಥ. ಹೊಲ ಉಳುವವನು ‘ಬೇಸಾಯ ಮಾಡುತ್ತೇನೆ’ ಎನ್ನುತ್ತಾನೆ, ಕೂಲಿಗೆ ಹೋಗುವವಳು ‘ಕೂಲಿಗೆ ಹೋಗುತ್ತೇನೆ’ ಎನ್ನುತ್ತಾಳೆ. ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಗಂಡ ಮಗ್ಗದ ಮೇಲೆ ಕುಳಿತಿರುತ್ತಾನೆ, ಅವನ ಲಾಳಿಗೆ ಬೇಕಾದ ಕಂಡಿಕೆಗಳನ್ನು ಹೆಂಡತಿ ರಾಟೆಯಲ್ಲಿ ಸುತ್ತುತ್ತಿರುತ್ತಾಳೆ. ಕೇಳಿದರೆ ಅವಳೂ ‘ಖಾಲಿ ಇದ್ದೇನೆ’ ಎನ್ನುತ್ತಾಳೆ. ಆದ್ದರಿಂದ ನಾನು ಹೀಗೆ ಕೇಳುತ್ತೇನೆ: “ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ? ಮೊನ್ನೆ? ಅದರ ಹಿಂದಿನ ದಿನ ಸಂತೆಯಿತ್ತಲ್ಲ, ಸಂತೆಗೆ ಏನಾದರೂ ಮಾರಲು ಹೋಗಿದ್ದಿರಾ?” ಏಳು ದಿನ ಹಿಂದಕ್ಕೆ ಹೋದರೆ ವಾರದ ಸ್ಥಿತಿ ಸಿಗುತ್ತದೆ. ಆ ಏಳು ದಿನಗಳಲ್ಲಿ ಒಂದು ದಿನ ಒಂದೇ ಒಂದು ಗಂಟೆ ದುಡಿದಿದ್ದರೂ ಆ ವಾರಕ್ಕೆ ಅವರು ಉದ್ಯೋಗಸ್ಥರು.

ಈ ಒಂದು ಗಂಟೆಯ ನಿಯಮವನ್ನು ಕೇಳಿದವರೆಲ್ಲ ‘ಇದು ಸರ್ಕಾರದ ಕಣ್ಕಟ್ಟು’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಳತೆಯೂ ಅದೇ; ದೇಶದಲ್ಲಿ ನಡೆದ ಸಣ್ಣ ದುಡಿಮೆಯೂ ಲೆಕ್ಕದಿಂದ ಜಾರಬಾರದು ಎಂಬುದು ಅದರ ಹಿಂದಿನ ಉದ್ದೇಶ. ಅದಕ್ಕೇ ನಾವು ಏಳು ದಿನಗಳ ಗಂಟೆಗಳನ್ನೂ ಸಂಪಾದನೆಯನ್ನೂ ಬರೆದುಕೊಳ್ಳುತ್ತೇವೆ. ಗಂಟೆಗಳನ್ನು ಬಿಟ್ಟು ಶೇಕಡಾವಾರು ಒಂದನ್ನೇ ಓದುವವರು ನಾವು ತಂದ ಅರ್ಧದಷ್ಟನ್ನೂ ಓದಿದಂತಾಗುವುದಿಲ್ಲ.

ನನಗೆ ನಿಜವಾದ ತಕರಾರು ಇರುವುದು 93ರ ಬಗ್ಗೆ. ಸೌದೆ ಆಯುವುದು, ಬೆರಣಿ ತಟ್ಟುವುದು, ಮನೆಮಂದಿಗೆ ಬಟ್ಟೆ ಹೊಲಿಯುವುದು ಇವೆಲ್ಲ ಮಾಡುವವಳು ಈ ಸಂಕೇತದಡಿ ಬರುತ್ತಾಳೆ, ಕಾರ್ಮಿಕ ಬಲದಿಂದ, ಅಂದರೆ ದುಡಿಯುವವರ ಮತ್ತು ದುಡಿಮೆಗೆ ಸಿದ್ಧರಿರುವವರ ಲೆಕ್ಕದಿಂದ, ಹೊರಗುಳಿಯುತ್ತಾಳೆ. ಮನೆಗೆಂದು ಎಮ್ಮೆ ಸಾಕಿ ಹಾಲು ಕರೆದರೆ ಅದು ಲೆಕ್ಕಕ್ಕೆ ಬರುತ್ತದೆ, ಅದೇ ಹಾಲನ್ನು ಮನೆಗೆಂದು ಹೆಪ್ಪು ಹಾಕಿ ಕಡೆದರೆ ಬರುವುದಿಲ್ಲ. ಇಂಥ ದುಡಿಮೆಯನ್ನು ಅಳೆಯಲೆಂದೇ 2019ರಲ್ಲಿಯೂ 2024ರಲ್ಲಿಯೂ ಸಮಯ ಬಳಕೆ ಸಮೀಕ್ಷೆ ನಡೆದಿದೆ ನಿಜ. ಆದರೂ ತಲೆಯ ಮೇಲೆ ಸೌದೆಹೊರೆ ಇಟ್ಟುಕೊಂಡೇ ನನಗೆ ಉತ್ತರ ಕೊಟ್ಟ ಅಜ್ಜಿಗೆ 93 ಒತ್ತುವಾಗ ಬೆರಳು ತಡೆಯುತ್ತದೆ.

ವಾರದ ಲೆಕ್ಕಕ್ಕಿಂತ ವರ್ಷದ ಲೆಕ್ಕ ಕಷ್ಟ. ‘ಕಳೆದ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ’ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ? ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೆಕ್ಕೆಜೋಳ ಬೆಳೆಯುವ ರೈತರೊಬ್ಬರು ಇದಕ್ಕೆ ದಾರಿ ತೋರಿಸಿದರು. ಅವರು ತಿಂಗಳುಗಳಲ್ಲಿ ಮಾತನಾಡಲೇ ಇಲ್ಲ, ಮಳೆಗಳಲ್ಲಿ ಮಾತನಾಡಿದರು. “ಮೃಗಶಿರಾದಲ್ಲಿ ಹೊಲಕ್ಕೆ ಇಳಿದೆ, ಸ್ವಾತಿ ಮುಗಿಯುವ ಹೊತ್ತಿಗೆ ತೆನೆ ಮುರಿದು ಮುಗಿಯಿತು.” ನಾನು ಬೆರಳು ಮಡಚಿ ಎಣಿಸಿದೆ: ಹನ್ನೊಂದು ಮಳೆ. ಒಂದೊಂದಕ್ಕೆ ಹದಿಮೂರೂವರೆ ದಿನದಂತೆ ಹತ್ತಿರ ಹತ್ತಿರ 148 ದಿನ. ದೀಪಾವಳಿ ಕಳೆದ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹಣ್ಣು ಬಿಡಿಸಲು ಎರಡು ತಿಂಗಳು. ಉಳಿದ ಐದು ತಿಂಗಳು? “ಊರಲ್ಲೇ ಇದ್ದೆ, ಏನೂ ಇರಲಿಲ್ಲ.”

“ಆಗ ಯಾರಾದರೂ ಕರೆದಿದ್ದರೆ ಹೋಗುತ್ತಿದ್ದಿರಾ?”

“ಹೋಗದೆ? ಕರೆಯುವವರು ಬೇಕಲ್ಲ ತಾಯಿ.”

ಈ ಒಂದು ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ. ದುಡಿಯಲು ಸಿದ್ಧರಿದ್ದು ಸಿಗದ ಆ ಐದು ತಿಂಗಳು ನಿರುದ್ಯೋಗ. ಸಿದ್ಧರೇ ಇಲ್ಲದಿದ್ದರೆ ಅದು ಕಾರ್ಮಿಕ ಬಲದ ಹೊರಗಿನ ಕಾಲ. ವರ್ಷದ ಲೆಕ್ಕದಲ್ಲಿ ಒಬ್ಬರ ಸ್ಥಿತಿಯನ್ನು, ಅಂದರೆ ‘ವಾಡಿಕೆಯ ಪ್ರಧಾನ ಸ್ಥಿತಿ’ಯನ್ನು, ನಿರ್ಧರಿಸುವಾಗ ಎರಡು ಹಂತಗಳಿವೆ. ವರ್ಷದ ಹೆಚ್ಚು ಕಾಲ ಕಾರ್ಮಿಕ ಬಲದ ಒಳಗಿದ್ದರೇ ಎಂಬುದು ಮೊದಲನೆಯದು. ಒಳಗಿದ್ದರೆ, ಆ ಅವಧಿಯಲ್ಲಿ ದುಡಿದದ್ದು ಹೆಚ್ಚೋ, ದುಡಿಮೆಯಿಲ್ಲದೆ ಕಾದದ್ದು ಹೆಚ್ಚೋ ಎಂಬುದು ಎರಡನೆಯದು. ಜಗಳೂರಿನ ಈ ರೈತರು 208 ದಿನ ದುಡಿದಿದ್ದಾರೆ, 157 ದಿನ ಕಾದಿದ್ದಾರೆ. ವರ್ಷದ ಲೆಕ್ಕದಲ್ಲಿ ಅವರು ಉದ್ಯೋಗಸ್ಥರು. ಕಾದ ಐದು ತಿಂಗಳು ಆ ಅಂಕಿಯಲ್ಲಿ ಕಾಣುವುದಿಲ್ಲ. ಬೇಸಿಗೆಯ ಯಾವುದೋ ವಾರದಲ್ಲಿ ನಾವು ಅವರ ಬಾಗಿಲಿಗೆ ಹೋದರೆ ಮಾತ್ರ ವಾರದ ಲೆಕ್ಕದಲ್ಲಿ ಅದು ಕಾಣುತ್ತದೆ. 1970ರಲ್ಲಿ ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಿದ ದಾಂತ್ವಾಲಾ ಸಮಿತಿ ನಮ್ಮಂಥ ದೇಶಕ್ಕೆ ಒಂದೇ ಅಳತೆಗೋಲು ಸಾಲದು ಎಂದು ಹೇಳಿದ್ದರ ಅರ್ಥ ನನಗೆ ಆದದ್ದು ಆ ರೈತರ ಮುಂದೆ ಕುಳಿತಾಗ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಪಂಚಾಂಗದ ಹಾಳೆ ಇರುತ್ತದೆ. ಹಬ್ಬ, ಜಾತ್ರೆ, ಮಳೆ ನಕ್ಷತ್ರ, ಶಾಲೆ ಶುರುವಾದ ದಿನ ಎಲ್ಲ ಅದರಲ್ಲಿ ಗುರುತು ಮಾಡಿಟ್ಟುಕೊಂಡಿದ್ದೇನೆ.

ಪಟ್ಟಣದ ತೊಡಕು ಬೇರೆ. ದಾವಣಗೆರೆಯ ಒಂದು ಬಡಾವಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗನ ಪರವಾಗಿ ತಂದೆಯೇ ಉತ್ತರ ಕೊಟ್ಟರು: “ಅವನು ಓದುತ್ತಿದ್ದಾನೆ.” ಯಾವ ಕಾಲೇಜು ಎಂದರೆ ಕಾಲೇಜಿಲ್ಲ, ಗ್ರಂಥಾಲಯದಲ್ಲಿ ಕುಳಿತು ಪಿಡಿಒ ಪರೀಕ್ಷೆಗೆ ಓದು. ಅಪ್ಪನ ಮಾತನ್ನೇ ಹಿಡಿದು ವಿದ್ಯಾರ್ಥಿ ಎಂದು ಬರೆದಿದ್ದರೆ ಒಬ್ಬ ನಿರುದ್ಯೋಗಿ ಲೆಕ್ಕದಿಂದಲೇ ಮಾಯವಾಗುತ್ತಿದ್ದ. ಸಂಜೆ ಏಳಕ್ಕೆ ಮತ್ತೆ ಹೋಗಿ ಹುಡುಗನನ್ನೇ ಕಂಡೆ. ಅಪ್ಪನ ಮುಂದೆ ಅವನು ಬಾಯಿ ಬಿಡಲಿಲ್ಲ. ಗೇಟಿನವರೆಗೆ ಕಳುಹಿಸಲು ಬಂದವನು ಮೆಲ್ಲಗೆ ಕೇಳಿದ: “ನಿರುದ್ಯೋಗಿ ಎಂದು ಬರೆದರೆ ಯುವನಿಧಿಗೆ ತೊಂದರೆ ಇಲ್ಲವಲ್ಲ ಮೇಡಂ? ಭಾನುವಾರ ಮಾವನ ಅಂಗಡಿಯಲ್ಲಿ ಕೂರುತ್ತೇನೆ, ಅದನ್ನು ಹೇಳಬಹುದಾ?” ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಆ ಯೋಜನೆ ಬಂದ ಮೇಲೆ ಇಂಥ ಭಯ ಮನೆ ಮನೆಯಲ್ಲಿದೆ. ಹೆಂಗಸರಿಗೆ ರೇಷನ್ ಕಾರ್ಡಿನ ಭಯ. ‘ನಾನೂ ಗಳಿಸುತ್ತೇನೆ’ ಎಂದರೆ ಬಿಪಿಎಲ್ ಹೋಗುತ್ತದೆಯೇನೋ ಎಂಬ ಅನುಮಾನ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಜಾತಿ ಸಮೀಕ್ಷೆ ನಡೆಯುತ್ತಿದ್ದಾಗಲಂತೂ ನಾವು ಯಾರು ಎಂದು ವಿವರಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ನಾನು ಅವಸರಪಡುವುದಿಲ್ಲ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ ಒಂದೊಂದು ಮನೆಯ ಮಾಹಿತಿಯನ್ನು ಬೇರೆಯವರಿಗೆ ತೋರಿಸುವಂತಿಲ್ಲ, ಯಾವ ಯೋಜನೆಗೂ ಇದನ್ನು ತಳುಕು ಹಾಕುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಹುಡುಗ ನಿಜ ಹೇಳಿದ. ವಾರದ ಲೆಕ್ಕದಲ್ಲಿ ಅವನು ಉದ್ಯೋಗಸ್ಥ, ನಾಲ್ಕು ಗಂಟೆ. ವರ್ಷದ ಪ್ರಧಾನ ಸ್ಥಿತಿಯಲ್ಲಿ ನಿರುದ್ಯೋಗಿ. ಒಬ್ಬನೇ ಹುಡುಗ, ಎರಡೂ ಸತ್ಯ.

ಇದನ್ನು ಅರಿಯದೆ ಅಂಕಿಗಳನ್ನು ಹೋಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2023–24ರ ವಾರ್ಷಿಕ ವರದಿಯಲ್ಲಿ ನಿರುದ್ಯೋಗ ಶೇ 3.2 ಇತ್ತು, 2025ರ ಮೇ 15ರಂದು ಬಂದ ಮೊದಲ ಮಾಸಿಕ ವರದಿಯಲ್ಲಿ ಏಪ್ರಿಲ್ ತಿಂಗಳಿಗೆ ಶೇ 5.1. ‘ಒಂದೇ ವರ್ಷದಲ್ಲಿ ಇಷ್ಟು ಏರಿತೇ’ ಎಂದು ಪರಿಚಯದವರು ಫೋನ್ ಮಾಡಿ ಕೇಳಿದರು. ಮೊದಲನೆಯದು ವರ್ಷದ ಅಳತೆ, ಎರಡನೆಯದು ವಾರದ ಅಳತೆ. ವಾರದ ಅಳತೆಯಲ್ಲೇ 2024ರ ಅಂಕಿ ಶೇ 4.9. ಕಾರ್ಮಿಕ ಬಲದಲ್ಲಿ ಮಹಿಳೆಯರ ಭಾಗವಹಿಸುವಿಕೆ 2017–18ರ ಶೇ 23.3ರಿಂದ 2023–24ರಲ್ಲಿ ಶೇ 41.7ಕ್ಕೆ ಏರಿದ್ದನ್ನೂ ನಾನು ದಬ್ಬಳ ಹಿಡಿದ ಆ ಕೈಯನ್ನು ನೆನೆದೇ ಓದುತ್ತೇನೆ. ಸಹಾಯಕಿ ಎಂದು ಬರೆಸಿಕೊಂಡವಳ ಕೈಗೆ ದುಡ್ಡು ಬಂದಿದೆ ಎಂದು ಯಾರೂ ತಿಳಿಯಬಾರದು.

2025ರ ಜನವರಿಯಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಸಮೀಕ್ಷೆಗೆ ಆಯ್ದ ಒಂದು ಘಟಕಕ್ಕೆ, ಅಂದರೆ ಒಂದು ಹಳ್ಳಿಗೆ ಅಥವಾ ಪಟ್ಟಣದ ಒಂದು ಭಾಗಕ್ಕೆ, ಎಂಟರ ಬದಲು ಹನ್ನೆರಡು ಮನೆ. ಹಳ್ಳಿಯಲ್ಲೂ ಅದೇ ಮನೆಗೆ ಸತತ ನಾಲ್ಕು ತಿಂಗಳು ಹೋಗಬೇಕು. ಮೊದಲು ಹಳ್ಳಿಯ ಮನೆಗೆ ಒಂದೇ ಭೇಟಿ, ಮರುಭೇಟಿ ಪಟ್ಟಣಕ್ಕೆ ಮಾತ್ರ. ಓಡಾಟ ಹೆಚ್ಚಾಗಿದೆ, ‘ಮತ್ತೆ ಬಂದಿರಾ’ ಎಂಬ ಮುಖ ನೋಡುವುದೂ ಹೆಚ್ಚಾಗಿದೆ. ಆದರೂ ಇದು ಸರಿಯಾದ ಬದಲಾವಣೆ ಎಂಬುದು ಚನ್ನಗಿರಿ ತಾಲ್ಲೂಕಿನ ಒಂದು ಮನೆಯಿಂದ ನನಗೆ ಖಚಿತವಾಯಿತು.

ನವೆಂಬರ್‌ನಲ್ಲಿ ಹೋದಾಗ ಆ ಮನೆಯಾಕೆ ಸಿಕ್ಕಿದ್ದು ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಅಂಗಳದಲ್ಲಿ. ಅಡಿಕೆ ರಾಶಿಯ ಸುತ್ತ ಇಪ್ಪತ್ತು ಹೆಂಗಸರು, ಎಲ್ಲರ ಬೆರಳ ತುದಿಯೂ ಕಪ್ಪು. ಕೆ.ಜಿ. ಲೆಕ್ಕದ ಕೂಲಿ, ಏಳಕ್ಕೆ ಏಳೂ ದಿನ ಸುಲಿದಿದ್ದರು. ಸಂಕೇತ 51, ಬಿಡಿ ಕೂಲಿಯವರದು. ಡಿಸೆಂಬರ್‌ನಲ್ಲಿ ವಾರಕ್ಕೆ ಮೂರು ದಿನ. ಜನವರಿಯಲ್ಲಿ ಮನೆಯ ಜಗಲಿಯ ಮೇಲೆ ಕುಳಿತಿದ್ದರು.

“ಈ ವಾರ ಎಲ್ಲಾದರೂ ಕೂಲಿ ಕೇಳಿದಿರಾ ಅಕ್ಕ?”

“ಯಾರನ್ನು ಕೇಳಲಿ? ಸುಲಿಯಲು ಅಡಿಕೆಯೇ ಇಲ್ಲ. ಇದ್ದರೆ ಅವರೇ ಕರೆಯುತ್ತಾರೆ.”

ಇಲ್ಲಿಗೇ ನಿಲ್ಲಿಸಿ ಮನೆವಾರ್ತೆ ಎಂದು ಬರೆಯುವುದು ಸುಲಭ. ನಾನು ಕೇಳಿದೆ: “ಕರೆದಿದ್ದರೆ ಹೋಗುತ್ತಿದ್ದಿರಾ?”

“ಮೊದಲು ಹೋಗುವವಳೇ ನಾನು” ಎಂದರು. ಹುಡುಕಲಿಲ್ಲ, ಆದರೆ ದುಡಿಯಲು ಸಿದ್ಧರಿದ್ದರು. ಸಂಕೇತ 82. ಆ ವಾರ ಅವರು ನಿರುದ್ಯೋಗಿ.

ಫೆಬ್ರುವರಿಯಲ್ಲಿ ನಾಲ್ಕನೆಯ ಭೇಟಿ. ನಾನು ಚಪ್ಪಲಿ ಬಿಡುವಾಗಲೇ ಅವರು ಬೆರಳು ಮಡಚತೊಡಗಿದರು: “ಸೋಮವಾರ ಇಲ್ಲ. ಮಂಗಳವಾರ ತೋಟದ ಕಳೆ ತೆಗೆಯಲು ಅರ್ಧ ದಿನ. ಬುಧವಾರದಿಂದ ಇಲ್ಲ.” ಮಂಗಳವಾರದ ಮುಂದೆ ನಾಲ್ಕು ಗಂಟೆ ಎಂದು ತುಂಬಿ, ಕೂಲಿ ಎಷ್ಟೆಂದು ಕೇಳಿ ಬರೆದುಕೊಂಡೆ. ಚಹಾ ಕುಡಿದು ಎದ್ದಾಗ ಮುಂದಿನ ತಿಂಗಳು ಯಾವಾಗ ಬರುತ್ತೀರಿ ಎಂದರು. ಇದು ಕೊನೆಯ ಬಾರಿ, ಮುಂದೆ ಬೇರೆ ಊರು ಎಂದೆ. ಒಳಗೆ ಹೋಗಿ ಒಂದು ಹಿಡಿ ಗೋಟಡಿಕೆ ತಂದು ನನ್ನ ಚೀಲದ ಬದಿಯ ಜೇಬಿಗೆ, ಪಂಚಾಂಗದ ಹಾಳೆಯ ಪಕ್ಕಕ್ಕೆ ಹಾಕಿದರು.